ಕೆನರಾದ ಖಾಲಿ ಸಾಲು: ಶಾಲೆಗಳನ್ನು ಎಣಿಸಲು ಹೊರಟ ಥಾಮಸ್ ಮನ್ರೊ

ಕೋಡಿ (ಕುಂದಾಪುರ): ಎರಡು ಶತಮಾನಗಳ ಹಿಂದೆ ಕೋಡಿಯ ಮಕ್ಕಳಲ್ಲಿ ಎಷ್ಟು ಮಂದಿಗೆ ಓದುಬರಹ ತಿಳಿದಿತ್ತು? ಪಂಚಗಂಗಾವಳಿ ನದಿಗಳು ಕಡಲು ಸೇರುವ ಅಳಿವೆಯ ದಡದಲ್ಲಿ, ಗಂಗೊಳ್ಳಿಗೆ ಎದುರಾಗಿರುವ ಈ ಊರಿನ ಬಗ್ಗೆಯಾಗಲಿ, ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಬಗ್ಗೆಯಾಗಲಿ ಈ ಪ್ರಶ್ನೆಗೆ ಅಂಕಿಅಂಶದ ಉತ್ತರ ಸಿಗುವುದಿಲ್ಲ. ಹಾಗೆಂದು ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವೆಂದಲ್ಲ. 1822ರಲ್ಲಿ ಮದರಾಸು ಸರಕಾರ ತನ್ನ ಆಡಳಿತದ ಪ್ರತಿ ಜಿಲ್ಲೆಗೂ ಒಂದು ನಮೂನೆಯನ್ನು ಕಳುಹಿಸಿ ಶಾಲೆಗಳೆಷ್ಟು, ವಿದ್ಯಾರ್ಥಿಗಳೆಷ್ಟು, ಅವರು ಯಾವ ಯಾವ ಜಾತಿಯವರು ಎಂದು ವಿಚಾರಿಸಿತ್ತು. ಬಳ್ಳಾರಿಯಿಂದ ವಿವರವಾದ ಉತ್ತರ ಹೋಯಿತು. ಕುಂದಾಪುರವನ್ನು ಒಳಗೊಂಡಿದ್ದ ಕೆನರಾ ಜಿಲ್ಲೆಯಿಂದ ಹೋದದ್ದು ಒಂದು ಪತ್ರ ಮಾತ್ರ. ನಮೂನೆಯ ಅಂಕಣಗಳು ಖಾಲಿಯಾಗಿಯೇ ಉಳಿದವು.

ಆ ಪ್ರಶ್ನೆಯನ್ನು ಕೇಳಿದ ಗವರ್ನರ್ ಸರ್ ಥಾಮಸ್ ಮನ್ರೊ. ಕನ್ನಡಿಗರಿಗೆ ಈ ಹೆಸರು ಹೆಚ್ಚಾಗಿ ಪರಿಚಯವಿರುವುದು ಮಂತ್ರಾಲಯದ ಐತಿಹ್ಯದಿಂದ. ಮಠದ ಭೂಮಿಯ ವಿಚಾರಣೆಗೆ ಬಂದ ಕಲೆಕ್ಟರನಿಗೆ ರಾಘವೇಂದ್ರ ಸ್ವಾಮಿಗಳು ವೃಂದಾವನದಿಂದಲೇ ದರ್ಶನವಿತ್ತು ಮಾತನಾಡಿದರೆಂಬ ಕಥೆ ಇಂದಿಗೂ ಭಕ್ತರ ನಡುವೆ ಜೀವಂತವಾಗಿದೆ. ರೈತವಾರಿ ಕಂದಾಯ ಪದ್ಧತಿಯ ಪ್ರವರ್ತಕನೆಂದು ಇತಿಹಾಸದ ಪಠ್ಯಗಳು ಆತನನ್ನು ನೆನೆಯುತ್ತವೆ. ಆದರೆ ಶಿಕ್ಷಣದ ಸಮೀಕ್ಷೆಯೊಂದರಲ್ಲಿ ಬಂದ ಉತ್ತರಗಳನ್ನು ಎಷ್ಟರಮಟ್ಟಿಗೆ ನಂಬಬೇಕು, ನಂಬಲಾಗದ ಅಂಕಿಯನ್ನು ಏನು ಮಾಡಬೇಕು ಎಂಬುದನ್ನು ಈ ನೆಲದಲ್ಲಿ ಮೊದಲಾಗಿ ಯೋಚಿಸಿದವರಲ್ಲಿ ಆತನೂ ಒಬ್ಬನೆಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಗ್ಲಾಸ್ಗೋದಿಂದ ಬಾರಾಮಹಲಿಗೆ

ಮನ್ರೊ ಜನಿಸಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ತಂದೆ ಅಲೆಕ್ಸಾಂಡರ್ ಮನ್ರೊ ಅಮೆರಿಕದ ವರ್ಜೀನಿಯದೊಂದಿಗೆ ತಂಬಾಕಿನ ವ್ಯಾಪಾರ ನಡೆಸುತ್ತಿದ್ದ ವರ್ತಕ. ಮಗ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ. ಅಮೆರಿಕದ ಸ್ವಾತಂತ್ರ್ಯ ಸಮರ ಆರಂಭವಾಗುತ್ತಲೇ ತಂದೆಯ ವ್ಯಾಪಾರ ಮುರಿದುಬಿತ್ತು. ಮನೆಯ ಸ್ಥಿತಿ ಹದಗೆಟ್ಟ ಮೇಲೆ ಯುವಕನ ಮುಂದಿದ್ದ ದಾರಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ್ದು. 1780ರ ಜನವರಿಯಲ್ಲಿ ಕೆಡೆಟ್ ಆಗಿ ಮದರಾಸಿಗೆ ಬಂದಿಳಿದಾಗ ಆತನಿಗೆ ಹದಿನೆಂಟು ವರ್ಷ.

ಅದೇ ವರ್ಷ ಹೈದರಾಲಿಯ ಸೈನ್ಯ ಘಟ್ಟವಿಳಿದು ಕರ್ನಾಟಿಕ್ ಪ್ರದೇಶಕ್ಕೆ ನುಗ್ಗಿತು. ಮುಂದಿನ ನಾಲ್ಕು ವರ್ಷ ಮನ್ರೊ ಸಾಮಾನ್ಯ ಸೈನಿಕ ಅಧಿಕಾರಿಯಾಗಿ ಯುದ್ಧರಂಗದಲ್ಲಿದ್ದ. ಬಿಡುವಿನಲ್ಲಿ ಪರ್ಶಿಯನ್ ಮತ್ತು ಹಿಂದೂಸ್ತಾನಿ ಭಾಷೆಗಳನ್ನು ಕಲಿತ. ಕಂಪನಿಯ ಅಧಿಕಾರಿಗಳಲ್ಲಿ ದೇಶಭಾಷೆ ಬಲ್ಲವರು ವಿರಳವಾಗಿದ್ದ ಕಾಲವದು. ದುಭಾಷಿಗಳ ಬಾಯಿಂದ ಬಂದ ಮಾತು ಮೂಲದ ಮಾತೇ ಆಗಿರಬೇಕೆಂದಿಲ್ಲವೆಂಬ ಅರಿವು ಇದ್ದವನಿಗೆ ಭಾಷೆಯೇ ಮೊದಲ ಸಾಧನವಾಯಿತು.

1792ರಲ್ಲಿ ಟಿಪ್ಪು ಸುಲ್ತಾನನಿಂದ ಬಾರಾಮಹಲ್ ಪ್ರದೇಶ, ಅಂದರೆ ಇಂದಿನ ಕೃಷ್ಣಗಿರಿ, ಧರ್ಮಪುರಿಯ ಸೀಮೆ, ಕಂಪನಿಯ ಕೈಸೇರಿತು. ಅದರ ಆಡಳಿತ ವಹಿಸಿಕೊಂಡ ಅಲೆಕ್ಸಾಂಡರ್ ರೀಡ್‌ನ ಸಹಾಯಕನಾಗಿ ಮನ್ರೊ ಏಳು ವರ್ಷ ದುಡಿದ. ಹೊಲಹೊಲವನ್ನು ಅಳೆದು, ರೈತನೊಂದಿಗೆ ನೇರವಾಗಿ ಕಂದಾಯ ಗೊತ್ತುಪಡಿಸುವ ಕ್ರಮ ರೂಪುಗೊಂಡಿದ್ದು ಅಲ್ಲಿಯೇ. ಕತ್ತಿಗಿಂತ ಕಡತವೇ ಆತನ ಕೈಗೆ ಹೊಂದುವಂಥದ್ದೆಂಬುದು ಬಾರಾಮಹಲಿನಲ್ಲಿ ಖಚಿತವಾಯಿತು.

ಕೆನರಾದಲ್ಲಿ ಒಂದೂಕಾಲು ವರ್ಷ

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಪತನವಾಯಿತು. ಮೈಸೂರಿನ ಹೊಸ ವ್ಯವಸ್ಥೆಗಾಗಿ ನೇಮಕವಾದ ಆಯೋಗಕ್ಕೆ ಮನ್ರೊ ಮತ್ತು ಜಾನ್ ಮಾಲ್ಕಂ ಕಾರ್ಯದರ್ಶಿಗಳಾದರು. ಆ ಕೆಲಸ ಮುಗಿಯುತ್ತಿದ್ದಂತೆ ಕರಾವಳಿಯ ಕೆನರಾಕ್ಕೆ ಕಲೆಕ್ಟರನಾಗಿ ಹೋಗಬೇಕೆಂಬ ಆದೇಶ ಬಂತು. ಕಾರವಾರದಿಂದ ಕಾಸರಗೋಡಿನಾಚೆಯವರೆಗೆ ಚಾಚಿದ್ದ ಜಿಲ್ಲೆಯದು. ಕುಂದಾಪುರ, ಬಾರ್ಕೂರು, ಮಂಗಳೂರು ಎಲ್ಲವೂ ಅದರೊಳಗಿದ್ದವು.

ಕರಾವಳಿ ಆತನಿಗೆ ಒಗ್ಗಲಿಲ್ಲ. ಬಿಡದೆ ಸುರಿಯುವ ಮಳೆ, ಹೆಜ್ಜೆಹೆಜ್ಜೆಗೂ ಅಡ್ಡ ಬರುವ ಹೊಳೆ, ಕಲ್ಲು ದಾರಿ, ಕಾಡು ಇವೆಲ್ಲ ಬೇಸರ ತರಿಸಿದ್ದವು. ಜನರೂ ಸುಲಭವಾಗಿ ಓಗೊಡಲಿಲ್ಲ. ಟಿಪ್ಪುವಿನ ಕಾಲದಲ್ಲಿ ಏರಿದ್ದ ಕಂದಾಯವನ್ನು ಇಳಿಸದೆ ಕಲೆಕ್ಟರನ ಎದುರು ಬರುವುದಿಲ್ಲವೆಂದು ಭೂಮಾಲಿಕರು ಅಲ್ಲಲ್ಲಿ ಗುಂಪುಗೂಡಿ ನಿಂತರು. ಕರೆ ಕಳುಹಿಸಿದರೂ ಬಾರದವರಿಂದ ಮಾಹಿತಿ ಪಡೆಯುವುದು ಹೇಗೆಂಬ ಸಮಸ್ಯೆ ಮನ್ರೊನ ಮುಂದೆ ನಿಂತಿತು.

ಬಾಯಿಮಾತಿನ ಉತ್ತರಕ್ಕೆ ಬದಲಾಗಿ ಆತ ಹಳೆಯ ಬರಹಗಳ ಕಡೆ ತಿರುಗಿದ. ಶಾನುಭೋಗರ ವಶದಲ್ಲಿದ್ದ ಕಪ್ಪು ಕಡತಗಳು, ಕಲ್ಲು ಮತ್ತು ತಾಮ್ರದ ಶಾಸನಗಳು ಆತನ ಆಧಾರಗಳಾದವು. ವಿಜಯನಗರದ ಕಾಲದ ಶಿಸ್ತು, ಇಕ್ಕೇರಿ ಅರಸರು ಸೇರಿಸಿದ ಹೆಚ್ಚಳ, ಹೈದರ್ ಹಾಗೂ ಟಿಪ್ಪುವಿನ ಕಾಲದ ಶಾಮೀಲು ಹೀಗೆ ಪದರಪದರವಾಗಿ ಕಂದಾಯದ ಚರಿತ್ರೆಯನ್ನು ಬಿಡಿಸಿದ. ಇಲ್ಲಿನ ಭೂಮಿ ಅರಸನದಲ್ಲ, ಬಹುಪಾಲು ಖಾಸಗಿ ಒಡೆತನದ್ದು ಎಂಬ ತೀರ್ಮಾನಕ್ಕೆ ಬಂದು 1800ರ ಮೇ 31ರ ವರದಿಯಲ್ಲಿ ಅದನ್ನು ಸರಕಾರಕ್ಕೆ ತಿಳಿಸಿದ. ಒಂದೇ ಪ್ರಶ್ನೆಗೆ ಎರಡು ಮೂಲಗಳಿಂದ ಉತ್ತರ ಪಡೆದು ಹೋಲಿಸುವ ಈ ಅಭ್ಯಾಸ ಮುಂದೆ ಶಾಲೆಗಳ ಲೆಕ್ಕದಲ್ಲಿಯೂ ಕಾಣಿಸಿಕೊಂಡಿತು. 1800ರ ಅಕ್ಟೋಬರ್ ವೇಳೆಗೆ ಆತ ಕೆನರಾ ಬಿಟ್ಟ.

ಅಳೆದದ್ದನ್ನು ಮತ್ತೆ ಅಳೆಯುವ ಕ್ರಮ

ಮುಂದಿನ ನೆಲೆ ಬಳ್ಳಾರಿ, ಅನಂತಪುರ, ಕಡಪ ಸೀಮೆ. ಹೈದರಾಬಾದಿನ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ಈ ಪ್ರದೇಶಕ್ಕೆ ದತ್ತ ಮಂಡಲವೆಂಬ ಹೆಸರು ಬಂತು. 1800ರಿಂದ 1807ರವರೆಗೆ ಮನ್ರೊ ಅಲ್ಲಿ ಪ್ರಧಾನ ಕಲೆಕ್ಟರನಾಗಿದ್ದ. ವರ್ಷದ ಬಹುಪಾಲು ಡೇರೆಯಲ್ಲಿದ್ದುಕೊಂಡು ಊರೂರು ಸುತ್ತಿದ. ಆ ಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಡುವಷ್ಟು ಆತ ಜನರಿಗೆ ಹತ್ತಿರವಾಗಿದ್ದನೆಂದು ಹೇಳಲಾಗುತ್ತದೆ.

1802ರಲ್ಲಿ ಆರಂಭವಾದ ಅಲ್ಲಿನ ಭೂಮಾಪನ ಇಂದಿನ ಸಮೀಕ್ಷಕರೂ ಗಮನಿಸಬೇಕಾದಂಥದ್ದು. ಮೂವತ್ತಮೂರು ಅಡಿಯ ಸರಪಳಿ ಹಿಡಿದು ಗುಮಾಸ್ತರು ಹೊಲಗಳನ್ನು ಅಳೆಯುತ್ತಿದ್ದರು. ಅವರಿಗೆ ಸಂಬಳ ಅಳೆದ ನೆಲದ ಲೆಕ್ಕದಲ್ಲಿ. ಇದರಿಂದ ಕೆಲಸ ಬೇಗ ಸಾಗುತ್ತಿತ್ತು, ಆದರೆ ಅವಸರದ ತಪ್ಪು, ರೈತನೊಂದಿಗಿನ ಒಳಒಪ್ಪಂದ ಎರಡಕ್ಕೂ ಅವಕಾಶವಿತ್ತು. ಅದನ್ನು ತಡೆಯಲು ಅವರ ಮೇಲೆ ತಿಂಗಳ ಸಂಬಳದ ಮುಖ್ಯ ಮಾಪಕರನ್ನು ನೇಮಿಸಿ, ಅಳೆದ ಹೊಲಗಳಲ್ಲಿ ಕೆಲವನ್ನು ಮತ್ತೆ ಅಳೆಯಿಸಲಾಯಿತು. ಎರಡು ಅಳತೆಗಳ ನಡುವಿನ ಅಲ್ಪ ವ್ಯತ್ಯಾಸವನ್ನು ಸಹಜವೆಂದು ಬಿಡಲಾಗುತ್ತಿತ್ತು. ಗೊತ್ತುಪಡಿಸಿದ ಮಿತಿ ಮೀರಿದರೆ ಗುಮಾಸ್ತ ಕೆಲಸ ಕಳೆದುಕೊಳ್ಳುತ್ತಿದ್ದ.

ತಪ್ಪು ಆಗಿಯೇ ಆಗುತ್ತದೆ, ಆದ್ದರಿಂದ ಅದನ್ನು ಅಳೆಯುವ ವ್ಯವಸ್ಥೆಯೂ ಸಮೀಕ್ಷೆಯ ಭಾಗವಾಗಿರಬೇಕು ಎಂಬ ತಿಳಿವಳಿಕೆ ಇದರ ಹಿಂದಿದೆ. ಇಪ್ಪತ್ತನೆಯ ಶತಮಾನದಲ್ಲಿ ಪ್ರಶಾಂತಚಂದ್ರ ಮಹಲನೋಬಿಸ್ ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಯಲ್ಲಿ ಎರಡು ಸ್ವತಂತ್ರ ತಂಡಗಳಿಂದ ಮಾಹಿತಿ ಪಡೆದು ಹೋಲಿಸುವ ವಿಧಾನವನ್ನು ಶಾಸ್ತ್ರೀಯವಾಗಿ ರೂಪಿಸಿದರು. ಮನ್ರೊನ ಕಾಲದಲ್ಲಿ ಅಂಥ ಸಿದ್ಧಾಂತವಿರಲಿಲ್ಲ. ಆಡಳಿತದ ಅನುಭವವಷ್ಟೇ ಇತ್ತು.

1807ರಲ್ಲಿ ಆತ ಬ್ರಿಟನ್ನಿಗೆ ಮರಳಿದ. ಹೋಗುವ ಮೊದಲು ದತ್ತ ಮಂಡಲದ ಕಂದಾಯವನ್ನು ಶೇಕಡಾ 25ರಷ್ಟು ಇಳಿಸಬೇಕೆಂದು ಶಿಫಾರಸು ಮಾಡಿದ. ಮೇಲಿನವರು ಆಗ ಅದನ್ನು ಒಪ್ಪಲಿಲ್ಲ. 1814ರಲ್ಲಿ ಜೇನ್ ಕ್ಯಾಂಬೆಲ್ ಜೊತೆ ವಿವಾಹವಾಗಿ, ನ್ಯಾಯಾಡಳಿತ ಸುಧಾರಣೆಯ ಆಯೋಗದ ಮುಖ್ಯಸ್ಥನಾಗಿ ಮತ್ತೆ ಭಾರತಕ್ಕೆ ಬಂದ. 1817-18ರ ಮರಾಠಾ ಯುದ್ಧದಲ್ಲಿ ಧಾರವಾಡ, ಬಾದಾಮಿ, ಬೆಳಗಾವಿಯ ಕಡೆ ಸೈನ್ಯ ನಡೆಸಿದ. 1820ರ ಜೂನ್ ತಿಂಗಳಲ್ಲಿ ಮದರಾಸಿನ ಗವರ್ನರ್ ಆಗಿ ಅಧಿಕಾರ ವಹಿಸಿಕೊಂಡ.

1822ರ ನಮೂನೆ

ಗವರ್ನರ್ ಆದ ಎರಡು ವರ್ಷಕ್ಕೆ, 1822ರ ಜೂನ್ 25ರಂದು, ಮನ್ರೊ ಒಂದು ಟಿಪ್ಪಣಿ ಬರೆದ. ದೇಶದ ನೆಲ, ಬೆಳೆ, ಕಂದಾಯದ ಬಗ್ಗೆ ಸರಕಾರ ಸಾಕಷ್ಟು ಲೆಕ್ಕ ಇಟ್ಟಿದೆ, ಆದರೆ ಜನರ ವಿದ್ಯಾಭ್ಯಾಸದ ಸ್ಥಿತಿಯ ಬಗ್ಗೆ ಯಾವ ದಾಖಲೆಯೂ ಇಲ್ಲ ಎಂಬುದು ಅದರ ಸಾರ. ಓದುಬರಹ ಬಲ್ಲವರ ಬಗ್ಗೆ ಅಂದಾಜಿನ ಮಾತುಗಳಷ್ಟೇ ಚಲಾವಣೆಯಲ್ಲಿದ್ದು, ಅವುಗಳನ್ನು ನೆಚ್ಚಿ ನೀತಿ ರೂಪಿಸಲಾಗದೆಂದು ಆತ ಭಾವಿಸಿದ್ದ. ಜುಲೈ ತಿಂಗಳಲ್ಲಿ ಕಂದಾಯ ಮಂಡಳಿ ಎಲ್ಲ ಕಲೆಕ್ಟರುಗಳಿಗೆ ನಮೂನೆ ಕಳುಹಿಸಿತು. ಶಾಲೆ, ಪಾಠಶಾಲೆಗಳ ಸಂಖ್ಯೆ. ಬ್ರಾಹ್ಮಣ, ವೈಶ್ಯ, ಶೂದ್ರ, ಇತರ ಜಾತಿ, ಮುಸಲ್ಮಾನ ಎಂಬ ವಿಭಾಗಗಳಲ್ಲಿ ಹುಡುಗರು ಹಾಗೂ ಹುಡುಗಿಯರ ಸಂಖ್ಯೆ. ಒಟ್ಟು ಜನಸಂಖ್ಯೆ ಅದರಲ್ಲಿದ್ದ ಅಂಕಣಗಳು.

ಟಿಪ್ಪಣಿಯಲ್ಲಿ ಇನ್ನೊಂದು ಅಂಶವಿತ್ತು. ಊರಿನ ಶಾಲೆಗಳಲ್ಲಿ ಸರಕಾರ ಯಾವ ಬಗೆಯಲ್ಲೂ ಕೈಹಾಕಬಾರದು, ಜನರು ತಮ್ಮ ಶಾಲೆಗಳನ್ನು ತಮ್ಮ ಕ್ರಮದಲ್ಲಿಯೇ ನಡೆಸಿಕೊಳ್ಳಲಿ, ಶಾಲೆಗಳಿಗೆ ಸಲ್ಲುತ್ತಿದ್ದ ಉಂಬಳಿ ತಪ್ಪಿಹೋಗಿದ್ದರೆ ಮರಳಿಸುವುದಷ್ಟೇ ನಮ್ಮ ಕೆಲಸ ಎಂದು ಆತ ಸ್ಪಷ್ಟಪಡಿಸಿದ್ದ. ಇದು ಉದಾರತೆಯಷ್ಟೇ ಅಲ್ಲ. ಸರಕಾರದ ಮನುಷ್ಯ ಬಾಗಿಲಿಗೆ ಬಂದು ಎಣಿಸತೊಡಗಿದರೆ ಅದು ಹೊಸ ತೆರಿಗೆಗೆ ಪೀಠಿಕೆಯೆಂದೇ ಜನ ತಿಳಿಯುವ ಕಾಲವದು. ಕೆನರಾದಲ್ಲಿ ಅಂಥ ಅಪನಂಬಿಕೆಯನ್ನು ಮನ್ರೊ ಕಣ್ಣಾರೆ ಕಂಡಿದ್ದ. ಉತ್ತರಿಸುವವನ ಭಯ ಉತ್ತರವನ್ನು ಬಾಗಿಸುತ್ತದೆ. ಆ ಭಯವನ್ನು ಮೊದಲೇ ತೆಗೆಯುವ ಪ್ರಯತ್ನವಾಗಿ ಈ ಸೂಚನೆಯನ್ನು ಓದಬಹುದು.

ಆದರೂ ದೋಷಗಳಿಗೆ ದಾರಿಗಳು ಹಲವಿದ್ದವು. ಪ್ರಶ್ನೆ ಗವರ್ನರನಿಂದ ಕಲೆಕ್ಟರನಿಗೆ, ಅಲ್ಲಿಂದ ತಹಶೀಲ್ದಾರನಿಗೆ, ಕೊನೆಗೆ ಊರಿನ ಶಾನುಭೋಗನಿಗೆ ಇಳಿಯಬೇಕಿತ್ತು. ಉತ್ತರ ಅದೇ ಮೆಟ್ಟಿಲುಗಳನ್ನು ಹತ್ತಿ ಬರಬೇಕಿತ್ತು. ಯಾವುದನ್ನು ಶಾಲೆ ಎನ್ನಬೇಕೆಂಬುದು ನಮೂನೆಯಲ್ಲಿ ಸ್ಪಷ್ಟವಿರಲಿಲ್ಲ. ಜಗಲಿಯ ಮೇಲೆ ಐಗಳು ನಾಲ್ಕು ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸಿದರೆ ಅದು ಶಾಲೆಯೇ, ಮನೆಪಾಠವೇ? ಒಬ್ಬೊಬ್ಬ ಅಧಿಕಾರಿ ಒಂದೊಂದು ಬಗೆಯಲ್ಲಿ ತಿಳಿದುಕೊಂಡ. ಉತ್ತರಗಳು ಒಂದೇ ಕಾಲದವೂ ಆಗಿರಲಿಲ್ಲ. 1822ರ ಆಗಸ್ಟ್‌ನಲ್ಲಿ ಬರತೊಡಗಿದ ಪತ್ರಗಳು ಮುಗಿದದ್ದು 1825ರ ಫೆಬ್ರವರಿಯಲ್ಲಿ.

ಬಳ್ಳಾರಿಯ ಉತ್ತರ, ಕೆನರಾದ ಉತ್ತರ

ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಕಳುಹಿಸಿದ ವರದಿ ಅತ್ಯಂತ ವಿವರವಾದವುಗಳಲ್ಲಿ ಒಂದು. 9,27,857 ಜನರ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು, 23 ಮರಾಠಿ, 23 ಸಂಸ್ಕೃತ, 21 ಪರ್ಶಿಯನ್, 4 ತಮಿಳು, ಒಂದು ಇಂಗ್ಲಿಷ್. ಹಿಂದೂ ಹುಡುಗರಲ್ಲಿ ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರು 2,998, ಇತರ ಜಾತಿಯವರು 1,174. ಹುಡುಗಿಯರು 60 ಮಂದಿ ಮಾತ್ರ. ಮುಸಲ್ಮಾನ ವಿದ್ಯಾರ್ಥಿಗಳು 243. ವಿದ್ಯೆ ಮೇಲ್ಜಾತಿಯವರಿಗಷ್ಟೇ ಸೀಮಿತವಾಗಿತ್ತೆಂಬ ಸಾಮಾನ್ಯ ಗ್ರಹಿಕೆಯನ್ನು ಈ ಅಂಕಿಗಳು ಪ್ರಶ್ನಿಸುತ್ತವೆ. ಹೆಣ್ಣುಮಕ್ಕಳ ಮಟ್ಟಿಗೆ ಬಾಗಿಲು ಮುಚ್ಚಿಯೇ ಇತ್ತೆಂಬುದನ್ನೂ ಅಷ್ಟೇ ನಿಚ್ಚಳವಾಗಿ ತೋರಿಸುತ್ತವೆ.

ಕ್ಯಾಂಬೆಲ್ ಅಂಕಿಗಳಿಗೆ ನಿಲ್ಲಲಿಲ್ಲ. ಮಕ್ಕಳು ಬೆಳಿಗ್ಗೆ ಆರಕ್ಕೆ ಬರುವುದು, ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುವುದು, ತಡವಾಗಿ ಬಂದವರಿಗೆ ಸರದಿಯಂತೆ ಹೆಚ್ಚುವ ಬೆತ್ತದೇಟು, ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಕ್ರಮ ಇವನ್ನೆಲ್ಲ ದಾಖಲಿಸಿದ. ಹಿಂದೆ ಶಾಲೆಗಳಿದ್ದ ಎಷ್ಟೋ ಊರುಗಳಲ್ಲಿ ಈಗ ಇಲ್ಲ, ಜನರು ಬಡವರಾಗಿದ್ದಾರೆ, ವಿದ್ಯೆಗೆ ಆಡಳಿತದ ಆಸರೆ ತಪ್ಪಿದೆ ಎಂದೂ ಬರೆದ. ಆ ಜಿಲ್ಲೆಯ ಕಂದಾಯವನ್ನು ಗೊತ್ತುಪಡಿಸಿದವನು ಬೇರಾರೂ ಅಲ್ಲ, ವರದಿಯನ್ನು ಓದಬೇಕಾಗಿದ್ದ ಗವರ್ನರನೇ. ಅಧಿಕಾರಿಗೆ ಹಿತವಾಗುವಂತೆ ಅಂಕಿಗಳನ್ನು ತಿದ್ದುವ ಚಾಳಿ ಯಾವ ಕಾಲಕ್ಕೂ ಇದ್ದದ್ದೇ. ಬಳ್ಳಾರಿಯ ವರದಿ ಆ ದಾರಿ ಹಿಡಿಯಲಿಲ್ಲ.

ಕೆನರಾದ ಪ್ರಧಾನ ಕಲೆಕ್ಟರ್ ಹ್ಯಾರಿಸ್ 1822ರ ಆಗಸ್ಟ್ 27ರಂದೇ ಉತ್ತರಿಸಿದ್ದ. ನಮೂನೆ ತುಂಬಲು ಬಹಳ ಸಮಯ ಹಿಡಿಯುತ್ತದೆ, ಜಿಲ್ಲೆಯಲ್ಲಿ ಉನ್ನತ ವಿದ್ಯೆಯ ಪಾಠಶಾಲೆಗಳಾಗಲಿ ನೆಲೆಯಾದ ಶಾಲೆಗಳಾಗಲಿ ಇಲ್ಲ, ಇಲ್ಲಿನ ವಿದ್ಯಾಭ್ಯಾಸ ಬಹುಮಟ್ಟಿಗೆ ಮನೆಗಳಲ್ಲಿ ಖಾಸಗಿಯಾಗಿ ನಡೆಯುತ್ತದೆ, ಹೀಗಿರುವಾಗ ಶಾಲೆಗಳ ಲೆಕ್ಕವಿಟ್ಟರೆ ವಿದ್ಯಾವಂತರ ಪ್ರಮಾಣದ ಬಗ್ಗೆ ತಪ್ಪು ಚಿತ್ರವೇ ಮೂಡುತ್ತದೆ ಎಂಬುದು ಆತನ ನಿಲುವು. ಕರಾವಳಿಯ ಮನೆಗಳು ಒತ್ತಾಗಿ ಕಟ್ಟಿದ ಊರುಗಳಲ್ಲಿಲ್ಲ. ಗದ್ದೆ, ತೋಟಗಳ ನಡುವೆ ಒಂದೊಂದಾಗಿ ಚದುರಿವೆ. ಮಳೆಗಾಲದಲ್ಲಿ ಹೊಳೆ ದಾಟಿ ಮಕ್ಕಳನ್ನು ಕಳುಹಿಸುವುದು ಕಷ್ಟ. ಅನುಕೂಲಸ್ಥರ ಚಾವಡಿಗೆ ಗುರು ಬರುವುದೇ ಇಲ್ಲಿಗೆ ಹೊಂದುವ ಏರ್ಪಾಡು.

ಹ್ಯಾರಿಸನ ವಾದದಲ್ಲಿ ತಿರುಳಿತ್ತು. ಶಾಲೆಯನ್ನಷ್ಟೇ ಎಣಿಸುವ ನಮೂನೆ ಮನೆಯಲ್ಲಿ ಕಲಿಯುವ ಮಗುವನ್ನು ಕಾಣಲಾರದು. ಆದರೆ ದೋಷವನ್ನು ಗುರುತಿಸಿದವನು ಅದನ್ನು ಅಳೆಯಲು ಮುಂದಾಗಲಿಲ್ಲ. ಒಂದು ತಾಲೂಕಿನಲ್ಲಾಗಲಿ, ಒಂದು ಪೇಟೆಯಲ್ಲಾಗಲಿ ಮನೆಮನೆಗೆ ಜನರನ್ನು ಕಳುಹಿಸಿ ವಿಚಾರಿಸಿದ್ದರೆ ಕುಂದಾಪುರದ ಮಕ್ಕಳ ಬಗ್ಗೆ ಅಷ್ಟಾದರೂ ತಿಳಿದಿರುತ್ತಿತ್ತು. ತಪ್ಪು ಉತ್ತರದ ಭಯದಿಂದ ಉತ್ತರವನ್ನೇ ಕೊಡದೆ ಬಿಟ್ಟದ್ದು ಇನ್ನೊಂದು ಬಗೆಯ ದೋಷವಾಯಿತು.

67ರಲ್ಲಿ ಒಬ್ಬನೋ, ಮೂವರಲ್ಲಿ ಒಬ್ಬನೋ

1825ರ ಫೆಬ್ರವರಿಯಲ್ಲಿ ಕಂದಾಯ ಮಂಡಳಿ ಎಲ್ಲ ಉತ್ತರಗಳನ್ನು ಕ್ರೋಡೀಕರಿಸಿ ಸಲ್ಲಿಸಿತು. 1826ರ ಮಾರ್ಚ್ 10ರಂದು ಮನ್ರೊ ಅದರ ಮೇಲೆ ತನ್ನ ಟಿಪ್ಪಣಿ ಬರೆದ. ಜನಸಂಖ್ಯೆ 1,28,50,941. ಶಾಲೆಗಳು 12,498. ವಿದ್ಯಾರ್ಥಿಗಳು ಸುಮಾರು 1,88,000. ಸರಳವಾಗಿ ಭಾಗಿಸಿದರೆ 67 ಜನರಲ್ಲಿ ಒಬ್ಬನಿಗೆ ಮಾತ್ರ ವಿದ್ಯೆ. ಇನ್ನೊಬ್ಬನಾಗಿದ್ದರೆ ಲೆಕ್ಕವನ್ನು ಅಲ್ಲಿಗೇ ಮುಗಿಸಿ, ದೇಶ ಅಜ್ಞಾನದಲ್ಲಿ ಮುಳುಗಿದೆಯೆಂದು ಷರಾ ಬರೆಯಬಹುದಿತ್ತು.

ಮನ್ರೊ ಹಾಗೆ ಮಾಡಲಿಲ್ಲ. ಮುದುಕರನ್ನೂ ಹಸುಗೂಸುಗಳನ್ನೂ ಸೇರಿಸಿ ಭಾಗಿಸಿದರೆ ಬರುವ ಪ್ರಮಾಣಕ್ಕೆ ಅರ್ಥವಿಲ್ಲವೆಂಬುದು ಆತನ ಮೊದಲ ತಿದ್ದುಪಡಿ. ಹೆಣ್ಣುಮಕ್ಕಳ ಶಾಲಾ ಶಿಕ್ಷಣ ಇಲ್ಲವೆಂಬಷ್ಟು ಕಡಿಮೆಯಿದ್ದುದರಿಂದ ಗಂಡಸರನ್ನಷ್ಟೇ ಪರಿಗಣಿಸಿದ. ಸುಮಾರು 64,25,000 ಗಂಡಸರಲ್ಲಿ ಒಂಬತ್ತನೇ ಒಂದು ಭಾಗ, ಅಂದರೆ 7,13,000 ಮಂದಿ, ಐದರಿಂದ ಹತ್ತು ವರ್ಷದ ಹುಡುಗರೆಂದು ಅಂದಾಜಿಸಿದ. ಶಾಲೆಯಲ್ಲಿದ್ದ ಹುಡುಗರು 1,84,110. ಅಲ್ಲಿಗೆ 67ರಲ್ಲಿ ಒಬ್ಬನೆಂಬುದು ನಾಲ್ವರಲ್ಲಿ ಒಬ್ಬನಿಗಿಂತ ತುಸು ಹೆಚ್ಚೆಂದಾಯಿತು.

ಎರಡನೆಯ ತಿದ್ದುಪಡಿ ಮನೆಪಾಠದ್ದು. ಮದರಾಸು ನಗರದ ಕಲೆಕ್ಟರ್ ಮನೆಯಲ್ಲಿ ಕಲಿಯುವವರು 26,963 ಎಂದು ತಿಳಿಸಿದ್ದ. ನಗರದ ಶಾಲೆಗಳಲ್ಲಿದ್ದವರ ಸುಮಾರು ಐದು ಪಟ್ಟು ಸಂಖ್ಯೆಯಿದು. ಮನ್ರೊಗೆ ಇದು ಅತಿಯೆನಿಸಿತು, ಅಂಕಿಯಲ್ಲಿ ತಪ್ಪಿರಬಹುದೆಂದು ಬರೆದಿಟ್ಟ. ಆದರೆ ಅನುಮಾನವಿದೆಯೆಂದು ಅದನ್ನು ಕಸದ ಬುಟ್ಟಿಗೆ ಹಾಕಲಿಲ್ಲ, ತನಗೆ ಅನುಕೂಲವೆಂದು ಅದನ್ನೇ ಇಡೀ ಪ್ರಾಂತಕ್ಕೆ ಹಿಗ್ಗಿಸಲೂ ಇಲ್ಲ. ಉಳಿದ ಜಿಲ್ಲೆಗಳಲ್ಲಿಯೂ ಬಂಧುಗಳಿಂದ, ಖಾಸಗಿ ಗುರುಗಳಿಂದ ಕಲಿಯುವವರು ಗಣನೀಯವಾಗಿಯೇ ಇದ್ದಾರೆ, ಮದರಾಸಿನಷ್ಟಲ್ಲ ಎಂದು ತೂಗಿ, ವಿದ್ಯೆ ಪಡೆಯುವ ಹುಡುಗರ ನಿಜವಾದ ಪ್ರಮಾಣ ನಾಲ್ಕನೇ ಒಂದಕ್ಕಿಂತ ಮೂರನೇ ಒಂದಕ್ಕೆ ಹತ್ತಿರವಿರಬೇಕೆಂದು ತೀರ್ಮಾನಿಸಿದ.

ಒಂದೇ ಮೂಲದ ಅಂಕಿಗಳಿಂದ ಎಷ್ಟು ಬೇರೆ ಬೇರೆ ಚಿತ್ರಗಳು ಮೂಡಬಲ್ಲವೆಂಬುದಕ್ಕೆ ಈ ಟಿಪ್ಪಣಿ ಸಾಕ್ಷಿ. ಖಚಿತ ಸಂಖ್ಯೆಯ ಮೋಹಕ್ಕೆ ಬೀಳದೆ, ಇಂತಿಷ್ಟರಿಂದ ಇಂತಿಷ್ಟರೊಳಗೆ ಎಂದು ಹೇಳಿದ್ದು ಅದರ ವಿಶೇಷ. ಆದರೆ ಅದರಲ್ಲಿಯೂ ಕೊರತೆಗಳಿವೆ. ಒಂಬತ್ತನೇ ಒಂದೆಂಬುದು ಅಂದಾಜು. ಹತ್ತು ದಾಟಿದವರೂ ಶಾಲೆಯಲ್ಲಿದ್ದರೆ ಪ್ರಮಾಣ ತಗ್ಗುತ್ತದೆ. ಹೆಣ್ಣುಮಕ್ಕಳು ಲೆಕ್ಕದ ಹೊರಗೇ ಉಳಿದರು. ಕೆನರಾದ ಸಾಲನ್ನು ತುಂಬಿಸಲು ಮತ್ತೊಂದು ಪ್ರಯತ್ನ ನಡೆಯಲಿಲ್ಲ. ಹಿಂದೆ ತಾನೇ ಆಳಿದ ಜಿಲ್ಲೆಯ ಬಗ್ಗೆ ಗವರ್ನರ್ ಇನ್ನಷ್ಟು ಒತ್ತಾಯ ಮಾಡಬಹುದಿತ್ತು.

ಮನೆಪಾಠದ ಬಗ್ಗೆ ಮನ್ರೊ ಮಾಡಿದ ಊಹೆಗೆ ಹತ್ತು ವರ್ಷದೊಳಗೆ ಬಂಗಾಳದಿಂದ ಬೆಂಬಲ ಸಿಕ್ಕಿತು. 1835ರಲ್ಲಿ ಅಲ್ಲಿನ ಶಿಕ್ಷಣ ಸಮೀಕ್ಷೆಗೆ ನೇಮಕಗೊಂಡ ವಿಲಿಯಂ ಆಡಂ ರಾಜಶಾಹಿ ಜಿಲ್ಲೆಯ ನಾಟೋರ್ ಠಾಣೆಯಲ್ಲಿ ಮನೆಗಳ ವಿಚಾರಣೆಯನ್ನೂ ನಡೆಸಿದ. 27 ಪ್ರಾಥಮಿಕ ಶಾಲೆಗಳಲ್ಲಿ ಸಿಕ್ಕವರು 262 ಮಕ್ಕಳು. ಮನೆಗಳಲ್ಲಿ ಕಲಿಯುತ್ತಿದ್ದವರು 1,588 ಕುಟುಂಬಗಳ 2,382 ಮಕ್ಕಳು. ಶಾಲೆಯ ಬಾಗಿಲಲ್ಲಿ ನಿಂತು ಎಣಿಸುವುದಕ್ಕೂ ಮನೆಯ ಬಾಗಿಲಲ್ಲಿ ನಿಂತು ಕೇಳುವುದಕ್ಕೂ ಇರುವ ಅಂತರ ಅಲ್ಲಿ ಒಂಬತ್ತು ಪಟ್ಟು.

ಕೊನೆಯ ಪ್ರಯಾಣ

ಸಮೀಕ್ಷೆಯ ಫಲವಾಗಿ ಮನ್ರೊ ಒಂದು ಯೋಜನೆಯನ್ನೂ ಮುಂದಿಟ್ಟ. ಜಿಲ್ಲೆಗೆ ಎರಡರಂತೆ 40 ಶಾಲೆಗಳು, ತಹಶೀಲಿಗೆ ಒಂದರಂತೆ 300 ಶಾಲೆಗಳು, ಉಪಾಧ್ಯಾಯರಿಗೆ ತಿಂಗಳಿಗೆ ಕ್ರಮವಾಗಿ 15 ಮತ್ತು 9 ರೂಪಾಯಿ ಸಂಬಳ, ಪುಸ್ತಕಗಳ ವೆಚ್ಚವೂ ಸೇರಿ ವರ್ಷಕ್ಕೆ 48,000 ರೂಪಾಯಿ. ಜನರ ಬಡತನ ಮತ್ತು ಉಪಾಧ್ಯಾಯರ ಅಲ್ಪ ಆದಾಯವೇ ವಿದ್ಯೆಯ ಹಿನ್ನಡೆಗೆ ಕಾರಣವೆಂದು ಆತ ನಂಬಿದ್ದ. ಯೋಜನೆಗೆ ಒಪ್ಪಿಗೆ ಸಿಕ್ಕಿ ಕೆಲವು ಶಾಲೆಗಳು ಆರಂಭವಾದವಾದರೂ ಅವು ಬಹುಕಾಲ ಬಾಳಲಿಲ್ಲ. 1836ರಲ್ಲಿ ಸರಕಾರ ಅವನ್ನು ಕೈಬಿಟ್ಟಿತು.

ಅದನ್ನು ನೋಡಲು ಮನ್ರೊ ಇರಲಿಲ್ಲ. ನಿವೃತ್ತಿ ಬಯಸಿದ್ದರೂ ಬರ್ಮಾ ಯುದ್ಧದ ಕಾರಣ ಹುದ್ದೆಯಲ್ಲಿ ಮುಂದುವರಿಯಬೇಕಾಯಿತು. 1826ರಲ್ಲಿ ಪತ್ನಿ ಬ್ರಿಟನ್ನಿಗೆ ಹಿಂದಿರುಗಿದರು. 1827ರಲ್ಲಿ, ಹೊರಡುವ ಮೊದಲು ದತ್ತ ಮಂಡಲವನ್ನು ಕೊನೆಯ ಬಾರಿ ನೋಡಿಬರಲು ಗವರ್ನರ್ ಪ್ರವಾಸ ಕೈಗೊಂಡ. ಗುತ್ತಿಯ ಸುತ್ತ ಕಾಲರಾ ಹಬ್ಬಿತ್ತು. ಜುಲೈ 6ರಂದು ಇಂದಿನ ಕರ್ನೂಲು ಜಿಲ್ಲೆಯ ಪತ್ತಿಕೊಂಡದ ಬಿಡಾರದಲ್ಲಿ ರೋಗಕ್ಕೆ ತುತ್ತಾಗಿ ಅದೇ ದಿನ ತೀರಿಕೊಂಡ. ಗುತ್ತಿಯಲ್ಲಿ ನಡೆದ ಶವಸಂಸ್ಕಾರದ ಕೆಲವು ವರ್ಷಗಳ ತರುವಾಯ ಅವಶೇಷಗಳನ್ನು ಮದರಾಸಿನ ಸೇಂಟ್ ಮೇರಿ ಚರ್ಚಿಗೆ ಸಾಗಿಸಲಾಯಿತು. ಜೀನು, ರಿಕಾಪುಗಳಿಲ್ಲದ ಕುದುರೆಯ ಮೇಲೆ ಕುಳಿತ ಆತನ ಕಂಚಿನ ಪ್ರತಿಮೆ ಚೆನ್ನೈನ ಅಣ್ಣಾ ಸಾಲೈನಲ್ಲಿ ಇಂದಿಗೂ ಇದೆ.

ಖಾಲಿಯೆಂದರೆ ಸೊನ್ನೆಯಲ್ಲ

ಮನ್ರೊನ ಅಂಕಿಗಳು ನೂರು ವರ್ಷದ ನಂತರ ಮತ್ತೆ ಸದ್ದು ಮಾಡಿದವು. 1931ರ ಅಕ್ಟೋಬರ್ 20ರಂದು ಲಂಡನ್ನಿನಲ್ಲಿ ಮಾತನಾಡಿದ ಗಾಂಧೀಜಿ, ಬ್ರಿಟಿಷರ ಆಳ್ವಿಕೆಯಲ್ಲಿ ಭಾರತದ ಸಾಕ್ಷರತೆ ಕುಸಿದಿದೆಯೆಂದು ಪ್ರತಿಪಾದಿಸಿದರು. ಶಿಕ್ಷಣತಜ್ಞ ಫಿಲಿಪ್ ಹಾರ್ಟಾಗ್ ಅದಕ್ಕೆ ಪುರಾವೆ ಕೇಳಿದರು. ವಾದ ವರ್ಷಗಟ್ಟಲೆ ನಡೆಯಿತು. 1983ರಲ್ಲಿ ಇತಿಹಾಸಕಾರ ಧರ್ಮಪಾಲ್ ಮದರಾಸಿನ ಜಿಲ್ಲಾ ವರದಿಗಳನ್ನು ಸಂಗ್ರಹಿಸಿ ಪ್ರಕಟಿಸಿದಾಗ ಬಳ್ಳಾರಿಯ ವಿವರಗಳೂ ಕೆನರಾದ ಪತ್ರವೂ ಸಾಮಾನ್ಯ ಓದುಗರ ಕೈಗೆ ಬಂದವು. ಎರಡೂ ಕಡೆಯವರಿಗೆ ಅದೇ ಅಂಕಿಗಳು ಆಧಾರ. ಭಿನ್ನಾಭಿಪ್ರಾಯವಿದ್ದದ್ದು ಅವುಗಳನ್ನು ಎಷ್ಟು ನಂಬಬೇಕೆಂಬುದರ ಬಗ್ಗೆ.

ಕೇಳಿದ ಪ್ರಶ್ನೆಗೆ ಬಂದ ಉತ್ತರಕ್ಕೂ ವಾಸ್ತವಕ್ಕೂ ನಡುವಿನ ಅಂತರವನ್ನು ಸಂಖ್ಯಾಶಾಸ್ತ್ರಜ್ಞರು ಉತ್ತರ ದೋಷವೆನ್ನುತ್ತಾರೆ. ಅದನ್ನು ಹಿಡಿಯುವ ಉಪಾಯಗಳು ಈಗ ವ್ಯವಸ್ಥೆಯ ಅಂಗವಾಗಿವೆ. 1951ರಿಂದ ಜನಗಣತಿಯ ನಂತರ ಆಯ್ದ ಮನೆಗಳಲ್ಲಿ ಮರುಪರಿಶೀಲನೆ ನಡೆಯುತ್ತ ಬಂದಿದೆ. ಶಾಲೆಗಳಿಂದ ಸಂಗ್ರಹಿಸುವ ಡೈಸ್ ಮಾಹಿತಿಯಲ್ಲಿ ಶೇಕಡಾ 5ರಷ್ಟನ್ನು ಹೊರಗಿನ ಸಂಸ್ಥೆಯಿಂದ ತಾಳೆ ನೋಡಿಸುವ ನಿಯಮ ಬಂತು. ರಾಷ್ಟ್ರೀಯ ಮಾದರಿ ಸಮೀಕ್ಷೆ ಹಾಗೂ 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆ ಮನೆಯ ಬಾಗಿಲಲ್ಲಿ ಕೇಳುತ್ತವೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಮಗು ಕಲಿಯುತ್ತಿದೆಯೆನ್ನಲಾಗದೆಂದು ಅಸರ್ ಪ್ರತಿ ಮಗುವಿನ ಕೈಗೆ ಓದಲು ಹಾಳೆಯನ್ನೂ ಕೊಡುತ್ತದೆ. 2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಶಿಕ್ಷಕರು ಮನೆಮನೆಗೆ ತೆರಳಿದಾಗಲೂ, ಈ ಮಾಹಿತಿ ಏತಕ್ಕೆಂಬ ಜನರ ಹಳೆಯ ಪ್ರಶ್ನೆ ಹೊಸದಾಗಿ ಎದುರಾಯಿತು.

ದೀಪಸ್ತಂಭವಿರುವ ಕೋಡಿಯಲ್ಲಿ ಇಂದು ಶಾಲೆಗಳಿವೆ, ಬ್ಯಾರೀಸ್ ಶಿಕ್ಷಣ ಸಂಸ್ಥೆಗಳಿವೆ. ಪ್ರತಿ ಮಗುವಿನ ಹೆಸರೂ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. 1822ರ ಮಕ್ಕಳಿಗೆ ಆ ಭಾಗ್ಯವಿರಲಿಲ್ಲ. ಅವರಲ್ಲಿ ಕೆಲವರಾದರೂ ಯಾವುದೋ ಜಗಲಿಯಲ್ಲಿ ಅಕ್ಷರ ತಿದ್ದಿರಬಹುದೆಂಬುದಕ್ಕೆ ಹ್ಯಾರಿಸನ ಪತ್ರವೇ ಸೂಚನೆ ನೀಡುತ್ತದೆ. ಎಷ್ಟು ಮಂದಿಯೆಂಬುದನ್ನು ಯಾರೂ ಕೇಳಿ ಬರೆದಿಡಲಿಲ್ಲ. ಮಕ್ಕಳಿಗೆ ಶಾಲೆ ಎಲ್ಲಿ ಬೇಕು, ಶಿಕ್ಷಕರೆಷ್ಟು ಬೇಕು ಎಂಬುದನ್ನು ಸರಕಾರಗಳು ನಿರ್ಧರಿಸುವುದು ಕೋಷ್ಟಕ ನೋಡಿ. ಅಲ್ಲಿ ಖಾಲಿ ಬಿಟ್ಟ ಸಾಲನ್ನು ಸೊನ್ನೆಯೆಂದು ಓದಿದರೆ ನಷ್ಟ ಆ ಊರಿನ ಮಕ್ಕಳದ್ದು.